ಗಾಡಿ ಇದೆ, ನಂಬರ್ ಪ್ಲೇಟು ಇಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ಡೊಂಬಿವಲಿ, ಪುಣೆ, ವಾಸ್ಕೊ, ಮುಲುಂಡ್, ನಾಲ್ಕು ಕಡೆಯಿಂದಲೂ ನಂಬರ್ ಪ್ಲೇಟಿನ ಚಿಂತೆ. ನನಗೂ ಈ ಪಾಡು ಆಗಿದೆ, ಹಾಗಾಗಿ ಬೇರೆ ಪತ್ರಗಳನ್ನು ಮುಂದಿನ ತಿಂಗಳಿಗೆ ಇಟ್ಟು ಇವನ್ನೇ ತಗೊಂಡಿದ್ದೇನೆ.

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಡೊಂಬಿವಲಿ ಪೂರ್ವದಲ್ಲಿ ಸಣ್ಣ ಹೋಟೆಲ್. ಊರು ಕುಂದಾಪುರದ ಕಡೆ. ಕಳೆದ ವರ್ಷ ಹೊಸ ಕಾರು ತಗೊಂಡಾಗ, ಅಪ್ಪ ಹಿಂದೆ ಓಡಿಸುತ್ತಿದ್ದ ಟೆಂಪೋದ ನಾಲ್ಕು ಅಂಕೆಯೇ ಬೇಕು ಅಂತ ಆರ್‌ಟಿಓದಲ್ಲಿ ಹಣ ಕಟ್ಟಿ ತಗೊಂಡೆ. ಮೊನ್ನೆ ಪಕ್ಕದ ಬಿಲ್ಡಿಂಗಿನಲ್ಲಿ ಎರಡು ಗಾಡಿಗಳ ಹಿಂದಿನ ಪ್ಲೇಟು ರಾತ್ರೋರಾತ್ರಿ ಹೋಗಿದೆ. ನನ್ನದೂ ಹೋದರೆ ಆ ನಂಬರೇ ಕೈತಪ್ಪುತ್ತದಾ? ಗ್ಯಾರೇಜಿನವನು ಪ್ಲೇಟು ವೆಲ್ಡ್ ಮಾಡಿಸಿಬಿಡಿ ಅಂತಾನೆ.

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನಂಬರು ಎಲ್ಲಿಗೂ ಹೋಗುವುದಿಲ್ಲ. ಅದು ಇರುವುದು ಆರ್‌ಟಿಓ ದಾಖಲೆಯಲ್ಲಿ, ನಿಮ್ಮ ಗಾಡಿಯ ಚಾಸಿ ನಂಬರು ಮತ್ತು ಎಂಜಿನ್ ನಂಬರಿನ ಜೊತೆ. ಕಳ್ಳ ಒಯ್ಯುವುದು ಒಂದು ಅಲ್ಯೂಮಿನಿಯಂ ತಗಡನ್ನು ಮಾತ್ರ. ಅದನ್ನು ಇಟ್ಟುಕೊಂಡು ಅವನು ನಿಮ್ಮ ನಂಬರಿನ ಮಾಲೀಕ ಆಗಲಾರ, ಬೇರೆಯವರಿಗೆ ಮಾರಲೂ ಆಗದು. 2024ರ ಆಗಸ್ಟ್‌ನಲ್ಲಿ ದರ ಏರಿಸಿದ ಮೇಲೆ ಮುಂಬೈ, ಪುಣೆಯಂಥ ಕಡೆ ಕಾರಿಗೆ 0001 ಬೇಕಾದರೆ 6 ಲಕ್ಷ ರೂಪಾಯಿ ಕಟ್ಟಬೇಕು. ಆ 6 ಲಕ್ಷದ ನಂಬರಿನ ಪ್ಲೇಟೂ ಕಳ್ಳನ ಕೈಯಲ್ಲಿ ಬರೀ ತಗಡೇ.

ವೆಲ್ಡಿಂಗ್ ಖಂಡಿತ ಬೇಡ. ಅಲ್ಯೂಮಿನಿಯಂ ತಗಡು ಕಬ್ಬಿಣದ ಡಿಕ್ಕಿ ಬಾಗಿಲಿಗೆ ಸುಮ್ನೆ ವೆಲ್ಡ್ ಆಗುವುದಿಲ್ಲ, ಮುಂದಿನ ಬಂಪರ್ ಅಂತೂ ಪ್ಲಾಸ್ಟಿಕ್ಕು. ಬಿಸಿಗೆ ಪ್ಲೇಟಿನ ಮೇಲಿನ ಹೊಳಪು ಪದರ ಸುಟ್ಟರೆ ಕ್ಯಾಮರಾಕ್ಕೆ ಅಂಕೆ ಓದಲು ಬರುವುದಿಲ್ಲ, ಆಗ ಅದೇ ಬೇರೆ ತಪ್ಪು.

ನಿಮ್ಮದು ಹೊಸ ಗಾಡಿ, ಅಂದರೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟು) ಪ್ಲೇಟೇ ಇರುತ್ತದೆ. 2019ರ ಏಪ್ರಿಲ್ 1ರಿಂದ ತಯಾರಾದ ಎಲ್ಲ ಗಾಡಿಗೂ ಅದು ಕಡ್ಡಾಯ. ಇವತ್ತೇ ಬೆಳಕಿನಲ್ಲಿ ಗಾಡಿಯ ಹಿಂದೆ ಕೂತು ನೋಡಿ. ಎಡ ಮೇಲ್ಗಡೆ ಅಶೋಕ ಚಕ್ರದ ಹೊಲೋಗ್ರಾಮ್, ಎಡ ಕೆಳಗಡೆ ಲೇಸರಿನಲ್ಲಿ ಕೊರೆದ ಕೋಡ್. ಆಮೇಲೆ ಪ್ಲೇಟು ಯಾವುದರಿಂದ ಕೂತಿದೆ ಅಂತ ನೋಡಿ. ಅಲ್ಲಿ ಸ್ನ್ಯಾಪ್ ಲಾಕ್ ಇರಬೇಕು. ಒಮ್ಮೆ ಹಾಕಿದರೆ ಒಡೆದೇ ತೆಗೆಯಬೇಕು, ಒಡೆದದ್ದನ್ನು ಮತ್ತೆ ಹಾಕಲು ಬರುವುದಿಲ್ಲ. ಆದರೆ ಎಷ್ಟೋ ಗಾಡಿಗಳಲ್ಲಿ ನಾನು ನೋಡಿದ್ದು ಬೇರೆ: ಬಂಪರ್ ರಿಪೇರಿಗೆ ಹೋದಾಗ ಗ್ಯಾರೇಜಿನವರು ಲಾಕ್ ಮುರಿದು, ಆಮೇಲೆ ಎರಡು ಮಾಮೂಲಿ ಸ್ಕ್ರೂ ಬಿಗಿದು ಕಳಿಸಿರುತ್ತಾರೆ. ಅಂಥ ಪ್ಲೇಟು ಬಿಚ್ಚಲು ಹುಡುಗನೊಬ್ಬನಿಗೆ ಒಂದು ನಿಮಿಷ ಸಾಕು. ನಿಮ್ಮದು ಹಾಗಿದ್ದರೆ ಪ್ಲೇಟು ಹಾಕಿಕೊಟ್ಟವರ ಹತ್ತಿರವೇ ಹೋಗಿ ಮತ್ತೆ ಸ್ನ್ಯಾಪ್ ಲಾಕ್ ಹಾಕಿಸಿ.

ಚಂದಕ್ಕೆ ಅಂತ ಹಾಕುವ ಕ್ರೋಮ್ ಫ್ರೇಮು, ಮೇಲಿನ ಪ್ಲಾಸ್ಟಿಕ್ ಕವರು ತೆಗೆದುಬಿಡಿ. ಪ್ಲೇಟು ಲಾಕಿಗೆ ಕೂರದೆ ಫ್ರೇಮಿಗೆ ಮಾತ್ರ ಸಿಕ್ಕಿಕೊಂಡಿದ್ದರೆ ಫ್ರೇಮ್ ಎಳೆದರೆ ಪ್ಲೇಟೂ ಬಂತು. ಸಾಧಾರಣ ಸ್ಕ್ರೂಡ್ರೈವರಿಗೆ ಬಗ್ಗದ ಸ್ಕ್ರೂಗಳೂ ಸಿಗುತ್ತವೆ, ಆದರೆ ಅದಕ್ಕಾಗಿ ಪ್ಲೇಟಿಗೆ ಹೊಸ ತೂತು ಕೊರೆಸಬೇಡಿ. ಅಂಕೆ, ಹೊಲೋಗ್ರಾಮ್, ಕೋಡ್ ಮೂರೂ ಕೆಡದೆ ಇರಬೇಕು.

ಇನ್ನು ನಿಲ್ಲಿಸುವ ರೀತಿ. ಹಿಂಭಾಗ ಗೋಡೆಗೆ ತೀರಾ ಹತ್ತಿರ ಬರುವ ಹಾಗೆ, ಒಬ್ಬ ಮನುಷ್ಯ ಕೂರಲು ಜಾಗ ಸಿಗದ ಹಾಗೆ ನಿಲ್ಲಿಸಿ. ಮುಂಭಾಗ ವಾಚ್‌ಮನ್ ಕೂರುವ ಕಡೆಗಿರಲಿ. ಸೊಸೈಟಿ ಕ್ಯಾಮರಾ ಹೆಚ್ಚಾಗಿ ಗೇಟನ್ನು ನೋಡುತ್ತಿರುತ್ತದೆ, ಗಾಡಿ ಸಾಲನ್ನಲ್ಲ. ಮುಂದಿನ ಮೀಟಿಂಗಿನಲ್ಲಿ ಇದೊಂದು ಮಾತು ಎತ್ತಿ.

ಅಪ್ಪನ ಟೆಂಪೋ ನಂಬರು ಅಂದಿರಲ್ಲ, ಓದಿ ತುಂಬಾ ಖುಷಿಯಾಯಿತು. ಅದು ಹೋಗುವುದಿಲ್ಲ, ನಿಶ್ಚಿಂತೆಯಿಂದ ಇರಿ.

ಪ್ರಶ್ನೆ: ನಾನು ಪುಣೆಯ ಚಿಂಚವಡದಲ್ಲಿದ್ದೇನೆ. ನಾಲ್ಕು ದಿನದ ಹಿಂದೆ ನಮ್ಮ ಗಾಡಿಯ ಹಿಂದಿನ ಪ್ಲೇಟು ಯಾರೋ ಕಿತ್ತಿದ್ದಾರೆ. ಯಜಮಾನರು "ಪೊಲೀಸ್ ಚೌಕಿಗೆ ಹೋಗಿ ಯಾರು ಕೂರುತ್ತಾರೆ, ರಸ್ತೆ ಬದಿ ಅಂಗಡಿಯಲ್ಲಿ ಒಂದು ಬರೆಸಿ ಹಾಕೋಣ" ಅಂತಿದ್ದಾರೆ. ಸರಿನಾ ಅಣ್ಣಾ?

ಉತ್ತರ: ಸರಿ ಅಲ್ಲ ತಂಗಿ. ನಾಲ್ಕು ದಿನ ಆಗಿದೆ, ಇವತ್ತೇ ಹೋಗಿ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನೂ ನಿಮ್ಮ ಯಜಮಾನರ ಹಾಗೇ ಯೋಚಿಸಿದವನು.

ಒಂದು ಭಾನುವಾರ ಬೆಳಿಗ್ಗೆ ಗಾಡಿ ಒರೆಸಲು ಇಳಿದೆ. ಹಿಂದೆ ಪ್ಲೇಟು ಇದ್ದ ಜಾಗದಲ್ಲಿ ಬಣ್ಣ ಹೊಸದರ ಹಾಗೆ ಹೊಳೆಯುತ್ತಿತ್ತು, ಚೌಕಾಕಾರಕ್ಕೆ, ಸುತ್ತಲೂ ಮಳೆಗಾಲದ ಕೆಸರು. ಒಂದು ಲಾಕಿನ ಒಡೆದ ತುಂಡು ಕೆಳಗೆ ಬಿದ್ದಿತ್ತು. ಇನ್ನೊಂದರ ಅರ್ಧ ತೂತಿನಲ್ಲೇ ಇತ್ತು. ಚೌಕಿಗೆ ಹೋದೆ. ಅಲ್ಲಿದ್ದವರು "ಎಲ್ಲೋ ಬಿದ್ದಿರುತ್ತದೆ, ಹುಡುಕಿ" ಅಂದರು. ನಾನೂ ಹ್ಞೂಂ ಅಂತ ಬಂದುಬಿಟ್ಟೆ. ಒಂಬತ್ತು ದಿನ ಸುಮ್ನೆ ಇದ್ದೆ. ಹತ್ತನೇ ದಿನ ಮೊಬೈಲಿಗೆ ಅತಿವೇಗದ ಚಲನ್ ಬಂತು, ನಾನು ಕಾಲಿಡದ ರಸ್ತೆಯಲ್ಲಿ. ಆ ಒಂಬತ್ತು ದಿನ ಪ್ಲೇಟು ನನ್ನ ಹತ್ತಿರ ಇರಲಿಲ್ಲ ಅಂತ ತೋರಿಸಲು ನನ್ನಲ್ಲಿ ಒಂದು ಚೀಟಿಯೂ ಇರಲಿಲ್ಲ. ಚಲನ್ ಹೋಗಲಿ, ಆ ಪ್ಲೇಟು ಹಾಕಿದ ಗಾಡಿ ಯಾರಿಗಾದರೂ ಗುದ್ದಿ ಓಡಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2021ರ ಫೆಬ್ರವರಿ 25ರಂದು ಮುಂಬೈಯ ಕಾರ್‌ಮೈಕೇಲ್ ರಸ್ತೆಯಲ್ಲಿ ಸ್ಫೋಟಕ ಇಟ್ಟ ಸ್ಕಾರ್ಪಿಯೊ ಸಿಕ್ಕಿತಲ್ಲ, ಅದರೊಳಗೆ ಬೇರೆ ಬೇರೆ ನಂಬರ್ ಪ್ಲೇಟುಗಳೂ ಇದ್ದವು. ಮಾರ್ಚ್ ಕೊನೆಗೆ ತನಿಖೆಯವರು ಮಿಠಿ ನದಿಗೆ ಮುಳುಗುಗಾರರನ್ನು ಇಳಿಸಿದಾಗ ಒಂದೇ ನಂಬರಿನ ಎರಡು ಪ್ಲೇಟು ಮೇಲೆ ಬಂದವು. ಅದು ಮರಾಠವಾಡಾದ ಒಬ್ಬ ಸಾಮಾನ್ಯ ಮನುಷ್ಯನ ಗಾಡಿಯ ನಂಬರು. ಅವರ ಗಾಡಿ 2020ರ ನವೆಂಬರ್‌ನಲ್ಲೇ ಕಳುವಾಗಿತ್ತು, ಅವರು ಆಗಲೇ ದೂರು ಕೊಟ್ಟಿದ್ದರು. ಕೊಡದೇ ಇದ್ದಿದ್ದರೆ ಅವರ ಗತಿ ಏನಾಗುತ್ತಿತ್ತು ಯೋಚಿಸಿ.

ಹಾಗಾಗಿ ಪ್ಲೇಟು ಹೋದ ಜಾಗದ ಫೋಟೋ, ಮುರಿದ ಲಾಕಿನ ಫೋಟೋ ತೆಗೆದುಕೊಳ್ಳಿ. ಆರ್‌ಸಿ, ಲೈಸೆನ್ಸು ಹಿಡಿದು ಹೋಗಿ. ದೂರಿನಲ್ಲಿ "ಕಳೆದುಹೋಗಿದೆ" ಅಂತ ಬರೆಸಬೇಡಿ, "ಕಳುವಾಗಿದೆ" ಅಂತಲೇ ಬರೆಸಿ. ಎರಡೂ ಒಂದೇ ಅಲ್ಲ. ಕೊನೆಯ ಸಲ ಪ್ಲೇಟು ನೋಡಿದ್ದು ಯಾವಾಗ, ಇಲ್ಲ ಅಂತ ಗೊತ್ತಾದದ್ದು ಯಾವಾಗ, ಎರಡೂ ಹೊತ್ತು ಬರೆಸಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ "ಇದು ನಮ್ಮ ಹದ್ದು ಅಲ್ಲ" ಅಂತ ಯಾವ ಠಾಣೆಯೂ ನಿಮ್ಮನ್ನು ಕಳಿಸುವ ಹಾಗಿಲ್ಲ. ಇಮೇಲಿನಂಥ ದಾರಿಯಲ್ಲೂ ದೂರು ಕೊಡಬಹುದು, ಆದರೆ ಮೂರು ದಿನದ ಒಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ಳಿ. ಠಾಣೆಯಲ್ಲಿ ತಗೊಳ್ಳದಿದ್ದರೆ ಮೇಲಿನ ಅಧಿಕಾರಿಗೆ ಬರೆದು ಅಂಚೆಯಲ್ಲಿ ಕಳಿಸುವ ಹಕ್ಕು ಅದೇ ಕಲಂನಲ್ಲಿದೆ. ಮರಾಠಿ ಬರೆಯಲು ಬರದಿದ್ದರೆ ಗೊತ್ತಿರುವ ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ, ಬರೆದದ್ದನ್ನು ಅವರಿಂದ ಓದಿಸಿ ಕೇಳಿಕೊಂಡೇ ಸಹಿ ಮಾಡಿ.

ರಸ್ತೆ ಬದಿ ಪ್ಲೇಟು ಬೇಡ. ಅದು ಎಚ್‌ಎಸ್‌ಆರ್‌ಪಿ ಅಲ್ಲ, ಹಿಡಿದರೆ ದಂಡ. ಜೊತೆಗೆ, ಕದ್ದವನ ಕೈಯಲ್ಲಿ ಅಸಲಿ ಪ್ಲೇಟು, ನಿಮ್ಮ ಗಾಡಿಯಲ್ಲಿ ನಕಲಿ ಅಂದ ಹಾಗೆ ಆಗುತ್ತದೆ. ಎಫ್‌ಐಆರ್ ಪ್ರತಿ ಇಟ್ಟುಕೊಂಡು ಎಚ್‌ಎಸ್‌ಆರ್‌ಪಿ ಬುಕ್ಕಿಂಗಿನಲ್ಲಿ ಬದಲಿ ಪ್ಲೇಟು ಕೇಳಿ. ನಂಬರು ಅದೇ, ಲೇಸರ್ ಕೋಡ್ ಮಾತ್ರ ಹೊಸದು. ಹಾಗಾಗಿ ಗಾಜಿನ ಒಳಗೆ ಅಂಟಿಸಿದ ಹೊಲೋಗ್ರಾಮ್ ಸ್ಟಿಕ್ಕರ್ ಕೂಡ ಬದಲಿಸಿಕೊಡಲು ಹೇಳಿ, ಹಳೇ ಕೋಡ್ ಅದರಲ್ಲೂ ಇರುತ್ತದೆ. ಬುಕ್ಕಿಂಗಿಗೆ ಮಹಾರಾಷ್ಟ್ರ ಸಾರಿಗೆ ಇಲಾಖೆಯ ವೆಬ್‌ಸೈಟಿನಿಂದಲೇ ಒಳಗೆ ಹೋಗಿ. ಹುಡುಕಿದಾಗ ಮೊದಲು ಕಾಣುವ ಕೊಂಡಿ ಒತ್ತಬೇಡಿ, ನಕಲಿ ವೆಬ್‌ಸೈಟಿಗೆ ದುಡ್ಡು ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಪ್ಲೇಟು ಬರುವ ತನಕ ಗಾಡಿ ಹೊರಗೆ ತೆಗೆಯದಿದ್ದರೆ ಒಳ್ಳೆಯದು.

ಮತ್ತೆ ಮೂರು ತಿಂಗಳಾದರೂ ವಾರಕ್ಕೊಮ್ಮೆ ನಿಮ್ಮ ನಂಬರಿಗೆ ಚಲನ್ ಇದೆಯಾ ನೋಡುತ್ತಿರಿ. ಆರ್‌ಟಿಓದಲ್ಲಿ ಹಳೇ ಮೊಬೈಲ್ ನಂಬರು ಇದ್ದರೆ ಮೆಸೇಜೇ ಬರುವುದಿಲ್ಲ, ಅದನ್ನೂ ಸರಿಪಡಿಸಿ.

ಪ್ರಶ್ನೆ: ವಾಸ್ಕೊದಲ್ಲಿ ಬಂದರಿನ ಕೆಲಸದಲ್ಲಿದ್ದೇನೆ. ಗಾಡಿ ಜಿಎ-06. ಪ್ಲೇಟು ಎರಡೂ ಭದ್ರವಾಗಿವೆ. ಆದರೂ ಪುಣೆಯಿಂದ ಎರಡು ಚಲನ್ ಬಂದಿವೆ. ನಾನು ಈ ವರ್ಷ ಪುಣೆಗೆ ಹೋಗಿಲ್ಲ. ಏನಿದು?

ಉತ್ತರ: ನಿಮ್ಮ ನಂಬರನ್ನು ಯಾರೋ ನಕಲು ಮಾಡಿದ್ದಾರೆ, ಅಥವಾ ಕ್ಯಾಮರಾ ಒಂದು ಅಂಕೆ ತಪ್ಪು ಓದಿದೆ. ಯಾವುದು ಅಂತ ಚಲನ್‌ನ ಫೋಟೋ ಹೇಳುತ್ತದೆ. ದೊಡ್ಡದು ಮಾಡಿ ನೋಡಿ. ಮೊದಲು ಅಂಕೆಗಳು: 3 ಇರುವ ಕಡೆ 8 ಅಂತ ಓದಿದೆಯಾ? ಆಮೇಲೆ ಮಾಡೆಲ್, ಬಣ್ಣ, ಚಕ್ರದ ಮೇಲಿನ ವೀಲ್ ಕ್ಯಾಪ್, ಹಿಂದಿನ ವೈಪರ್, ಬಂಪರಿನ ಗೀರು, ಗಾಜಿನ ಮೇಲಿನ ಗಣಪತಿ ಸ್ಟಿಕ್ಕರ್. ಒಂದು ವ್ಯತ್ಯಾಸ ಸಿಕ್ಕರೂ ಸಾಕು, ನಿಮ್ಮ ಗಾಡಿಯನ್ನು ಅದೇ ಕೋನದಲ್ಲಿ ನಿಲ್ಲಿಸಿ ಫೋಟೋ ತೆಗೆದು ಎರಡನ್ನೂ ಪಕ್ಕಪಕ್ಕ ಇಡಿ.

2025ರ ಜನವರಿಯಲ್ಲಿ ಕೊಲಾಬಾದ ತಾಜ್ ಹೋಟೆಲಿನ ಎದುರು ಹೀಗೇ ಒಂದೇ ನಂಬರಿನ ಎರಡು ಬಿಳಿ ಎರ್ಟಿಗಾ ಸಿಕ್ಕಿದ್ದವು. ಅಸಲಿ ಮಾಲೀಕರಿಗೆ ಅದಕ್ಕೂ ಮೊದಲಿನಿಂದ ತಾವು ಮಾಡದ ತಪ್ಪಿಗೆ ಚಲನ್ ಬರುತ್ತಿದ್ದವು. ಸಾಲದ ಕಂತಿನ ವಸೂಲಿಯವರಿಂದ ತಪ್ಪಿಸಿಕೊಳ್ಳಲು ಇನ್ನೊಬ್ಬ ಚಾಲಕ ತನ್ನ ನಂಬರಿನ ಕೊನೆಯ 3 ಅನ್ನು 8 ಮಾಡಿಕೊಂಡಿದ್ದ. ಪ್ಲೇಟು ಕದಿಯುವ ಕೆಲಸವೇ ಇಲ್ಲ ನೋಡಿ.

ದಂಡ ಕಟ್ಟಿ ಕೈ ತೊಳೆದುಕೊಳ್ಳಬೇಡಿ. ಐನೂರೋ ಸಾವಿರವೋ ಅಲ್ವಾ ಅಂತ ಕಟ್ಟಿದರೆ ಆ ಗಾಡಿ ನಿಮ್ಮದೇ ಅಂತ ಒಪ್ಪಿಕೊಂಡ ಹಾಗೆ. ಬಂದರಿನ ಗೇಟಿನಲ್ಲಿ ನಿಮ್ಮ ಎಂಟ್ರಿ ಇರುತ್ತದಲ್ಲ, ಆ ದಿನದ್ದು ತೆಗೆಸಿ. ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ. ಫಾಸ್ಟ್ಯಾಗ್ ಖಾತೆಯ ಸ್ಟೇಟ್‌ಮೆಂಟೂ ಇರಲಿ. ಇವನ್ನೆಲ್ಲ ಸೇರಿಸಿ ಮಹಾರಾಷ್ಟ್ರದ ಇ-ಚಲನ್ ವ್ಯವಸ್ಥೆಯಲ್ಲಿ ಆಕ್ಷೇಪ ಹಾಕಿ, ವಾಸ್ಕೊ ಠಾಣೆಯಲ್ಲೂ ನಿಮ್ಮ ನಂಬರು ದುರುಪಯೋಗ ಆಗುತ್ತಿದೆ ಅಂತ ದೂರು ಕೊಡಿ. ನಿಮ್ಮ ಪ್ಲೇಟಿನ ಲೇಸರ್ ಕೋಡನ್ನು ದೂರಿನಲ್ಲಿ ಬರೆಯಿರಿ. ನಕಲು ಮಾಡಿದವನು ಅಂಕೆಗಳನ್ನು ಮಾಡಿಸಬಲ್ಲ, ಆ ಕೋಡು ಅವನಿಗೆ ಸಿಗುವುದು ಕಷ್ಟ.

ಪ್ರಶ್ನೆ: ಮಗನಿಗೆ ಹದಿನೆಂಟು ತುಂಬಿತು, ಬೈಕ್ ಬೇಕಂತೆ. 4141 ನಂಬರು ತಗೊಂಡು "ದಾದಾ" ಅಂತ ಕಾಣುವ ಹಾಗೆ ಬರೆಸುತ್ತಾನಂತೆ. ಹಾಗೆ ಮಾಡಿದರೆ ಕಳ್ಳರು ಮುಟ್ಟುವುದಿಲ್ಲ, ಎಲ್ಲರಿಗೂ ಗುರುತು ಸಿಗುತ್ತದೆ ಅಂತಾನೆ. (ಮುಲುಂಡ್‌ನಿಂದ ಒಬ್ಬ ತಾಯಿ)

ಉತ್ತರ: ಅಮ್ಮಾ, 4141 ತಗೊಳ್ಳಲಿ, ತಪ್ಪಿಲ್ಲ. ಆದರೆ 4141 ತಿರುಚಿ ದೇವನಾಗರಿ ಅಕ್ಷರದ ಹಾಗೆ ದಾದಾ, 8055 ತಿರುಚಿ ಬಾಸ್, 214 ತಿರುಚಿ ರಾಮ ಅಂತ ಬರೆಸುವುದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿರುದ್ಧ. ಇಂಗ್ಲಿಷ್ ಅಕ್ಷರ, ನಾವು ದಿನಾ ಬರೆಯುವ 1, 2, 3 ಅಂಕೆ, ಇಷ್ಟೇ. ಹೊಸ ಬೈಕಿಗೆ ಎಚ್‌ಎಸ್‌ಆರ್‌ಪಿ ಶೋರೂಮಿನಲ್ಲೇ ಹಾಕಿಕೊಡುತ್ತಾರೆ, ಅದನ್ನು ಕಿತ್ತು ಬೇರೆ ಹಾಕಿದ ದಿನವೇ ಅವನು ಲಾಕ್ ಮುರಿದ ಹಾಗಾಯಿತು.

ಗುರುತು ಸಿಗುತ್ತದೆ ಅನ್ನುವ ಮಾತು ಅರ್ಧ ನಿಜ. ಕದ್ದು ಓಡಾಡುವವನಿಗೆ ಎಲ್ಲರೂ ತಿರುಗಿ ನೋಡುವ ನಂಬರು ಬೇಡ. ಆದರೆ ಬೈಕಿನ ಪ್ಲೇಟು ಸಣ್ಣದು, ಹಿಂದಿನದು 200 ಮಿಲಿಮೀಟರ್ ಉದ್ದ, 100 ಅಗಲ. ಅಂಗಿಯೊಳಗೆ ಸೇರಿಸಿಕೊಂಡು ಹೋಗಬಹುದು, ಹುಡುಗರು ಮೋಜಿಗೂ ಕೀಳುತ್ತಾರೆ. ಬೈಕ್ ಮನೆಗೆ ಬಂದ ದಿನ ಅವನನ್ನೇ ಕೂರಿಸಿ ಎರಡೂ ಪ್ಲೇಟಿನ ಲೇಸರ್ ಕೋಡ್ ಓದಿಸಿ, ಆರ್‌ಸಿ ಪ್ರತಿಯ ಹಿಂದೆ ಬರೆಸಿ ನಿಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳಿ.