ಒಂದೇ ಶೀಟ್‌ಗೆ ಹತ್ತು ಕಾಪಿ ಆಗ್ತಿದ್ದರೆ
ಬಹುಶಃ ಫೈಲನ್ನೇ ಅಟ್ಯಾಚ್ ಮಾಡಿ ಕಳಿಸುತ್ತಿರುವುದೇ ಕಾರಣ. ಟೀಮಿನ ಕೆಲಸದ ಪಟ್ಟಿ ಇರುವ ಎಕ್ಸೆಲ್ ಫೈಲಿನ "ಫೈನಲ್", "ಫೈನಲ್ 2" ಕಾಪಿಗಳು ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತಿವೆ, ಒಂದೇ ಕೆಲಸವನ್ನು ಇಬ್ಬರು ಮಾಡಿಬಿಡುತ್ತಾರೆ ಅಂದಿರಲ್ಲ, ಕಳಿಸಿದಾಗಲೆಲ್ಲ ಹೊಸ ಕಾಪಿ ಹುಟ್ಟಿದರೆ ಇನ್ನೇನಾಗುತ್ತೆ.

ಮೊದಲು ಸರಿಯಾದ ಕಾಪಿ ಯಾವುದು ಅಂತ ಒಬ್ಬರೇ ತೀರ್ಮಾನಿಸಲಿ. ಅದನ್ನು ಎಲ್ಲರೂ ಆನ್‌ಲೈನ್‌ನಲ್ಲಿ ಒಂದೇ ಶೀಟ್ ತಿದ್ದಬಹುದಾದ ಗೂಗಲ್ ಶೀಟ್ಸ್‌ಗೆ ಹಾಕಿ, ಗ್ರೂಪಿಗೆ ಲಿಂಕ್ ಮಾತ್ರ ಕಳಿಸಿ. ಹಂಚುವಾಗ ತಿದ್ದುವವರಿಗೆ ಎಡಿಟರ್ ಅನುಮತಿ ಕೊಡಿ, ಉಳಿದವರಿಗೆ ಕಮೆಂಟ್ ಮಾತ್ರ ಹಾಕಬಲ್ಲ ಕಮೆಂಟರ್ ಸಾಕು.

ಆಮೇಲೆ "ಯಾರು", "ಯಾವತ್ತಿಗೆ" ಅಂತ ಎರಡು ಕಾಲಂ ಸೇರಿಸಿ. "ಯಾರು" ಕೆಳಗೆ ಒಂದೇ ಹೆಸರು ಇರಲಿ. ಎರಡು ಬರೆದರೆ ಅವರು ಮಾಡ್ತಾರೆ ಅಂತ ಇವರು, ಇವರು ಮಾಡ್ತಾರೆ ಅಂತ ಅವರು ಸುಮ್ನಿರ್ತಾರೆ.

ಫಿಲ್ಟರ್ ಬೇಕಾದವರು ಬೇರೆಯವರ ಸ್ಕ್ರೀನ್ ಬದಲಿಸದ, ಡೇಟಾ ಮೆನುವಿನ ಫಿಲ್ಟರ್ ವ್ಯೂ ಬಳಸಲಿ. ಮಾಮೂಲಿ ಫಿಲ್ಟರ್ ಹಾಕಿದರೆ ಎಲ್ಲರ ಸ್ಕ್ರೀನಲ್ಲೂ ಸಾಲುಗಳು ಮಾಯ, ಆಗ "ನನ್ನ ಡೇಟಾ ಯಾರೋ ಅಳಿಸಿದ್ರು" ಅನ್ನೋ ಜಗಳ ಶುರು. ನಿಜವಾಗಿಯೂ ಅಳಿಸಿಹೋಗಿದ್ದರೆ ಫೈಲ್ ಮೆನುವಿನ ವರ್ಷನ್ ಹಿಸ್ಟರಿಯಿಂದ ಹಳೆಯದನ್ನು ವಾಪಸ್ ತರಬಹುದು.

ನಿಮ್ಮ ಎಕ್ಸೆಲ್‌ನಲ್ಲಿ ಮ್ಯಾಕ್ರೋ (ಕೆಲಸವನ್ನು ತಾನಾಗಿಯೇ ಮಾಡಿಸುವ ಸಣ್ಣ ಪ್ರೋಗ್ರಾಂ) ಇದೆಯೋ ಇಲ್ಲವೋ ನೀವು ಹೇಳಿಲ್ಲ. ಇದ್ದರೆ ಗೂಗಲ್ ಶೀಟ್ಸ್‌ನಲ್ಲಿ ಅದು ಓಡಲ್ಲ, ಫೈಲನ್ನು ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ನಲ್ಲಿಟ್ಟು ಅದರ ಲಿಂಕ್ ಹಂಚಿ.