ಓದುಗರ ಪ್ರಶ್ನೆ: ಮಾದರಿ ಲ್ಯಾಬಿಗೆ ಹೋಗುವ ಮುನ್ನ

ಈ ಸಲ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಟ್ಟೆ, ಕರುಳಿನ ಲ್ಯಾಬ್ ವರದಿಗಳ ಬಗ್ಗೆಯೇ ಇವೆ. ಜೀರ್ಣಾಂಗ ವೈದ್ಯರೂ ಸೂಕ್ಷ್ಮಜೀವಿ ತಜ್ಞರೂ ಕೂಡಿ ಉತ್ತರಿಸಿದ್ದಾರೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಜಠರದ ಹುಣ್ಣಿಗೆ ಎಚ್. ಪೈಲೊರಿ ಎಂಬ ರೋಗಾಣುವಿನ ಔಷಧದ ಕೋರ್ಸ್ ಮುಗಿಸಿದ್ದೇನೆ. ಈಗ ಮತ್ತೆ ಹೊಟ್ಟೆಯುರಿ. ರಕ್ತ ಪರೀಕ್ಷೆಯಲ್ಲಿ 'ಪಾಸಿಟಿವ್' ಬಂದಿದೆ. ಮತ್ತೆ ಅವೇ ಗುಳಿಗೆ ನುಂಗಬೇಕೇ?
— ಓದುಗರು, ಹಾವೇರಿ

ಉತ್ತರ: ಈ ಒಂದು ವರದಿ ನೋಡಿ ಬೇಡ. ರಕ್ತದಲ್ಲಿ ಕಂಡದ್ದು ರೋಗಾಣು ಅಲ್ಲ, ಅದರ ವಿರುದ್ಧ ನಿಮ್ಮ ದೇಹ ತಯಾರಿಸಿದ ಪ್ರತಿಕಾಯ. ರೋಗಾಣು ನಾಶವಾದ ಮೇಲೂ ಅದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ. ಈಗ ಸೋಂಕು ಇದೆಯೋ ಇಲ್ಲವೋ ಎಂದು ಹೇಳುವ ಪರೀಕ್ಷೆಗಳು ಬೇರೆ: ಮಲದಲ್ಲಿ ರೋಗಾಣುವಿನ ಅಂಶ ಹುಡುಕುವುದು, ಯೂರಿಯಾ ಉಸಿರಾಟ ಪರೀಕ್ಷೆ, ಅಥವಾ ಎಂಡೋಸ್ಕೋಪಿಯಲ್ಲಿ ತೆಗೆದ ಚೂರಿನ ಯೂರಿಯೇಸ್ ಪರೀಕ್ಷೆ.

ಇಲ್ಲಿ ತಪ್ಪುವುದು ಸಾಮಾನ್ಯವಾಗಿ ಲ್ಯಾಬ್ ಅಲ್ಲ, ಅದಕ್ಕೂ ಹಿಂದಿನ ಎರಡು ವಾರ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ, ಆಮ್ಲ ಇಳಿಸುವ ಗುಳಿಗೆ ನಡೆಯುತ್ತಿರುವಾಗ ರೋಗಾಣುಗಳ ಸಂಖ್ಯೆ ಇಳಿದಿರುತ್ತದೆ. ರೋಗ ಇದ್ದರೂ ವರದಿ 'ಇಲ್ಲ' ಎನ್ನುತ್ತದೆ. ಆದ್ದರಿಂದ ಆ ಗುಳಿಗೆಯನ್ನು 2 ವಾರ ಮೊದಲೇ ನಿಲ್ಲಿಸಿರಬೇಕು, ಆಂಟಿಬಯಾಟಿಕ್ ಮತ್ತು ಬಿಸ್ಮತ್ ನಿಂತು 4 ವಾರ ಆಗಿರಬೇಕು. ಮೊದಲೊಮ್ಮೆ ಹುಣ್ಣಿನಿಂದ ರಕ್ತ ಹೋಗಿದ್ದವರು, ಆಸ್ಪಿರಿನ್ ಅಥವಾ ನೋವಿನ ಗುಳಿಗೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಈ ಆಮ್ಲ ಇಳಿಸುವ ಗುಳಿಗೆಯನ್ನು ನಿಲ್ಲಿಸಕೂಡದು.

ಯೂರಿಯೇಸ್ ಪರೀಕ್ಷೆಯಲ್ಲಿ ಜಠರದ ಚೂರನ್ನು ಯೂರಿಯಾ ಇರುವ ಹಳದಿ ಜೆಲ್ಲಿನಲ್ಲಿ ಇಡುತ್ತಾರೆ. ರೋಗಾಣು ಯೂರಿಯಾವನ್ನು ಒಡೆದು ಅಮೋನಿಯಾ ಬಿಟ್ಟರೆ ಜೆಲ್ ಗುಲಾಬಿಯಾಗುತ್ತದೆ. ಜಠರದ ಕೆಳಭಾಗ, ನಡುಭಾಗ ಎರಡರಿಂದಲೂ ಚೂರು ಬೇಕು. 24 ಗಂಟೆ ದಾಟಿದ ಮೇಲೆ ಬಣ್ಣ ತಿರುಗಿದರೆ ನಂಬಬಾರದು. ಹುಣ್ಣಿನಿಂದ ರಕ್ತ ಒಸರುತ್ತಿದ್ದಾಗ ಮಾಡಿದ ಪರೀಕ್ಷೆ 'ನೆಗೆಟಿವ್' ಎಂದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ.

ಈ ರೋಗಾಣು ಸಿಕ್ಕಿದ್ದೂ ಲ್ಯಾಬಿನವರು, ವಾರ್ಡಿನವರು ಕೈಜೋಡಿಸಿದ್ದರಿಂದಲೇ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಸೂಕ್ಷ್ಮದರ್ಶಕದಲ್ಲಿ ಕಂಡ ಸುರುಳಿ ಜೀವಿಗಳನ್ನು ಬ್ಯಾರಿ ಮಾರ್ಷಲ್ ತನ್ನ ರೋಗಿಗಳ ಜಠರದ ಚೂರುಗಳಿಂದ ಬೆಳೆಸಲು ಹೊರಟರು. ಎರಡು ದಿನಕ್ಕೆ ತಟ್ಟೆ ಎಸೆಯುವುದು ರೂಢಿಯಾಗಿತ್ತು, ಏನೂ ಬೆಳೆಯುತ್ತಿರಲಿಲ್ಲ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಇನ್‌ಕ್ಯುಬೇಟರಿನಲ್ಲೇ ಉಳಿದಾಗ ಬೆಳೆಯಿತು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು.

ಪ್ರಶ್ನೆ: ನಮ್ಮ ಯಜಮಾನರಿಗೆ 38 ವರ್ಷ. ಬಲಗಡೆ ಕಿಬ್ಬೊಟ್ಟೆ ನೋವು, ಜ್ವರ, ತೂಕ ಇಳಿದಿದೆ. ಕೊಲೊನೋಸ್ಕೋಪಿಯಲ್ಲಿ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವಲ್ಲಿ ಹುಣ್ಣು ಕಂಡಿವೆ. ಬಯಾಪ್ಸಿ ವರದಿ ಬಂದರೂ ವೈದ್ಯರು "ಟಿಬಿ ಇರಬಹುದು, ಕ್ರೋನ್ಸ್ ಇರಬಹುದು" ಎನ್ನುತ್ತಾರೆ. ಲ್ಯಾಬಿಗೆ ಹೋದ ಮೇಲೂ ಅನುಮಾನ ಏಕೆ?
— ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ವೈದ್ಯರು ಪ್ರಾಮಾಣಿಕವಾಗಿ ಹೇಳಿದ್ದಾರೆ. ನಮ್ಮ ದೇಶದ ಜೀರ್ಣಾಂಗ ವೈದ್ಯರಿಗೆ ಇದಕ್ಕಿಂತ ಕಠಿಣ ಪ್ರಶ್ನೆ ಹೆಚ್ಚಿಲ್ಲ. ಕ್ರೋನ್ಸ್ ಎಂದರೆ ಟಿಬಿಯಂತೆ ಹರಡುವ ಸೋಂಕಲ್ಲ, ಕರುಳಿನಲ್ಲಿ ದೀರ್ಘಕಾಲ ಉಳಿಯುವ ಉರಿಯೂತ. ಎರಡೂ ರೋಗ ಅದೇ ಜಾಗದಲ್ಲಿ ಹುಣ್ಣು ಮಾಡುತ್ತವೆ, ಎರಡರಲ್ಲೂ ಗ್ರ್ಯಾನ್ಯುಲೋಮಾ ಎಂಬ ಜೀವಕೋಶಗಳ ಗಂಟು ಕಾಣುತ್ತದೆ. ಗಂಟು ದೊಡ್ಡದಾಗಿ, ಒಂದಕ್ಕೊಂದು ಕೂಡಿಕೊಂಡು, ನಡುವೆ ಕೊಳೆತ ಗಿಣ್ಣಿನಂತಿದ್ದರೆ ಟಿಬಿ ಎನ್ನಬಹುದು. ಆದರೆ ಅಂಥ ಸ್ಪಷ್ಟ ಚಿತ್ರ ಸಿಗುವುದು ಕೆಲವರಲ್ಲಿ ಮಾತ್ರ. ಟಿಬಿ ಪರೀಕ್ಷೆಗೆಂದು ಚರ್ಮಕ್ಕೆ ಕೊಡುವ ಮ್ಯಾಂಟೂ ಚುಚ್ಚುಮದ್ದು ಉಬ್ಬಿದರೂ ತೀರ್ಮಾನವಾಗದು. ನಮ್ಮಲ್ಲಿ ಆರೋಗ್ಯವಂತರಲ್ಲೂ ಅನೇಕರಿಗೆ ಅದು ಉಬ್ಬುತ್ತದೆ. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಕರುಳು ಉರಿಯೂತದಲ್ಲಿದೆ ಎಂದಷ್ಟೇ ಹೇಳುತ್ತದೆ, ಯಾವುದರಿಂದ ಎಂದಲ್ಲ.

ವೈದ್ಯರನ್ನು ಕೇಳಬೇಕಾದ ಮೊದಲ ಮಾತು: ಚೂರುಗಳನ್ನು ಎಷ್ಟು ಬಾಟಲಿಯಲ್ಲಿ ಕಳಿಸಿದ್ದರು? ಎರಡು ಬಾಟಲಿ ಬೇಕು. ಫಾರ್ಮಲಿನ್ ಇರುವ ಬಾಟಲಿ ಸೂಕ್ಷ್ಮದರ್ಶಕದ ಪರೀಕ್ಷೆಗೆ. ಅದರಲ್ಲಿ ಅಂಗಾಂಶ ಕೆಡುವುದಿಲ್ಲ, ಆದರೆ ರೋಗಾಣು ಸಾಯುತ್ತದೆ. ಟಿಬಿ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರಿಗೂ, ಅದರ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್‌ಗೂ ಇನ್ನೊಂದು ಸ್ವಚ್ಛ ಬಾಟಲಿಯಲ್ಲಿ ಬರೀ ನಾರ್ಮಲ್ ಸಲೈನ್ ಹಾಕಿ ಚೂರುಗಳನ್ನು ಕಳಿಸಬೇಕು, ತಂಪಾಗಿಟ್ಟು ಅದೇ ದಿನ ತಲುಪಿಸಬೇಕು. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಕಲ್ಚರಿನ ಬಾಗಿಲು ಅಲ್ಲೇ ಮುಚ್ಚಿತು. ಮತ್ತೆ ಹೊಟ್ಟೆ ಖಾಲಿ ಮಾಡಿಸಿ ಕೊಲೊನೋಸ್ಕೋಪಿ ಮಾಡದೆ ಬೇರೆ ದಾರಿಯಿಲ್ಲ. ಹುಣ್ಣಿನ ಅಂಚಿನಿಂದಲೂ ತಳದಿಂದಲೂ ಸೇರಿ ಆರೆಂಟು ಚೂರಾದರೂ ಬೇಕು. ಟಿಬಿ ರೋಗಾಣು ಕರುಳಿನಲ್ಲಿ ಬಹಳ ವಿರಳ, ಎರಡು ಚೂರಿನಲ್ಲಿ ಅದು ಸಿಗಲಿಲ್ಲವೆಂದರೆ ಏನೂ ತಿಳಿದಂತಾಗಲಿಲ್ಲ.

ಜೀನ್‌ಎಕ್ಸ್‌ಪರ್ಟ್ ಯಂತ್ರ ಎರಡು ಗಂಟೆಯಲ್ಲಿ ಫಲಿತಾಂಶ ಕೊಡುತ್ತದೆ, ಟಿಬಿಯ ಮುಖ್ಯ ಔಷಧ ರಿಫಾಂಪಿಸಿನ್ ಕೆಲಸ ಮಾಡುತ್ತದೋ ಇಲ್ಲವೋ ಎಂಬುದನ್ನೂ ಹೇಳುತ್ತದೆ. 'ಇದೆ' ಎಂದರೆ ನಂಬಬಹುದು. 'ಇಲ್ಲ' ಎಂದರೆ ಕರುಳಿನ ಚೂರಿನ ಮಟ್ಟಿಗೆ ಅದು ಅರ್ಧ ಮಾತು. ದ್ರವ ಮಾಧ್ಯಮದ ಕಲ್ಚರನ್ನು 42 ದಿನ ಕಾದು ಆಮೇಲೆ 'ಬೆಳೆಯಲಿಲ್ಲ' ಎನ್ನುತ್ತಾರೆ. ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ.

ಇಷ್ಟಾದರೂ ಗೊತ್ತಾಗದಿದ್ದರೆ ನಮ್ಮಲ್ಲಿ ಮೊದಲು ಟಿಬಿ ಔಷಧವನ್ನೇ ಕೊಟ್ಟು ನೋಡುತ್ತಾರೆ. ಕಾರಣವಿದೆ: ಕ್ರೋನ್ಸ್ ಎಂದುಕೊಂಡು ಸ್ಟೀರಾಯ್ಡ್ ಕೊಟ್ಟು, ಒಳಗೆ ಇದ್ದದ್ದು ಟಿಬಿಯಾದರೆ ಅದು ಮೈಯೆಲ್ಲ ಹರಡಬಹುದು. ಆದರೆ ಇದನ್ನು ಸುಮ್ಮನೆ ಎಳೆಯುತ್ತ ಹೋಗಬಾರದು. ಎರಡು ತಿಂಗಳ ಹೊತ್ತಿಗೆ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಯ್ದಿವೆಯೇ ನೋಡಲೇಬೇಕು. ಕ್ರೋನ್ಸ್ ಇದ್ದವರಿಗೂ ಟಿಬಿ ಗುಳಿಗೆಯಿಂದ ಕೆಲಕಾಲ ಹಾಯೆನಿಸುತ್ತದೆ. "ಆರಾಮ ಅದೀನ್ರಿ" ಎಂಬ ರೋಗಿಯ ಮಾತಿಗಿಂತ ಕರುಳಿನ ಒಳಗಿನ ನೋಟ ಮುಖ್ಯ. ಮಾಯದಿದ್ದರೆ ಔಷಧಕ್ಕೆ ಬಗ್ಗದ ಟಿಬಿಯೇ, ಕ್ರೋನ್ಸೇ ಎಂದು ಆಗಲೇ ವಿಚಾರಿಸಬೇಕು. ತಡವಾದಷ್ಟೂ ಕರುಳು ಕಿರಿದಾಗಿ ಆಪರೇಷನ್ನಿಗೆ ಬರುತ್ತದೆ. ಗುಳಿಗೆ ನಡೆಯುವಾಗ ಮೂತ್ರ ಕೆಂಪಾದರೆ ಹೆದರಬೇಡಿ, ಅದು ರಿಫಾಂಪಿಸಿನ್ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ಹೆಚ್ಚಿದರೆ ಅದೇ ದಿನ ವೈದ್ಯರ ಬಳಿ ಹೋಗಿ.

ಪ್ರಶ್ನೆ: ಬಯೋಟೆಕ್ನಾಲಜಿ ಎಂ.ಎಸ್ಸಿ. ಓದುತ್ತಿದ್ದೇನೆ. ಕರುಳಿನ ಸೂಕ್ಷ್ಮಜೀವಿಗಳ ಮೇಲೆ ಪ್ರಾಜೆಕ್ಟ್ ಮಾಡುವಾಸೆ. ಚಿಕ್ಕ ಲ್ಯಾಬಿನ ಕೆಲಸ ರೋಗಿಯವರೆಗೆ ಮುಟ್ಟುವುದುಂಟೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಖಂಡಿತ ಮುಟ್ಟುತ್ತದೆ. ಕಲ್ಕತ್ತದಲ್ಲಿ ಶಂಭುನಾಥ ಡೇ ಮೊಲದ ಸಣ್ಣ ಕರುಳಿನ ತುಂಡೊಂದನ್ನು ಎರಡೂ ಕಡೆ ದಾರದಿಂದ ಕಟ್ಟಿ, ಅದರೊಳಗೆ ರೋಗಾಣುಗಳಿಲ್ಲದ ಕಾಲರಾ ಸೋಸುದ್ರವ ಬಿಟ್ಟರು. ಕರುಳು ನೀರು ತುಂಬಿ ಉಬ್ಬಿತು. ಕಾಲರಾ ಕೊಲ್ಲುವುದು ಒಂದು ವಿಷದಿಂದ ಎಂದು 1959ರಲ್ಲಿ ಪ್ರಕಟಿಸಿದರು. ಮರುವರ್ಷ ರಾಬರ್ಟ್ ಕ್ರೇನ್, ಗ್ಲೂಕೋಸ್ ಕರುಳಿನ ಗೋಡೆಯೊಳಗೆ ಹೋಗುವಾಗ ಸೋಡಿಯಮ್ಮನ್ನೂ ಜೊತೆಗೆ ಒಯ್ಯುತ್ತದೆ ಎಂಬ ವಿಚಾರ ಮುಂದಿಟ್ಟರು. ಸೋಡಿಯಮ್ಮಿನ ಹಿಂದೆ ನೀರೂ ಹೋಗುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಹರಡಿ ಸಲೈನ್ ಮುಗಿದಾಗ ವೈದ್ಯ ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸ್ ನೀರು ಕುಡಿಸಿ ಜೀವ ಉಳಿಸಿದರು. ಇಂದಿನ ಓಆರ್‌ಎಸ್ ಪೊಟ್ಟಣದಲ್ಲಿ 1 ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ ಇರುವುದು ಆ ಲೆಕ್ಕದಿಂದಲೇ. ರುಚಿಗೆಂದು ಸಕ್ಕರೆ ಸೇರಿಸಿದರೆ ಅದು ನೀರನ್ನು ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ.

ನಿಮ್ಮ ಕೆಲಸಕ್ಕೆ ಮೊದಲು ಆಸ್ಪತ್ರೆಯ ವೈದ್ಯರೊಬ್ಬರನ್ನು ಜೊತೆ ಮಾಡಿಕೊಳ್ಳಿ, ಮಾದರಿ ಸಿಕ್ಕ ಮೇಲಲ್ಲ, ಪ್ರಶ್ನೆ ರೂಪಿಸುವಾಗಲೇ. ನೈತಿಕ ಸಮಿತಿಯ ಅನುಮತಿ ಕೈಗೆ ಬರುವವರೆಗೆ ಒಂದು ಮಾದರಿಯನ್ನೂ ತೆಗೆಯುವಂತಿಲ್ಲ. ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಕನ್ನಡದಲ್ಲಿರಲಿ. ಮಲವನ್ನು ಪುಟ್ಟ ಟ್ಯೂಬುಗಳಿಗೆ ಹಂಚಿ, ಆದಷ್ಟು ಬೇಗ, ಕೆಲವೇ ಗಂಟೆಗಳೊಳಗೆ ಮೈನಸ್ 80 ಡಿಗ್ರಿ ಫ್ರೀಜರಿಗೆ ಹಾಕಿ. ಒಂದೇ ದೊಡ್ಡ ಡಬ್ಬಿಯಲ್ಲಿಟ್ಟರೆ ಪ್ರತಿ ಸಲ ಕರಗಿಸಿ ಹೆಪ್ಪುಗಟ್ಟಿಸುವಾಗ ಮಾದರಿ ಕೆಡುತ್ತದೆ. ಕರೆಂಟ್ ಹೋದರೆ ಫ್ರೀಜರಿಗೆ ಜನರೇಟರ್ ಉಂಟೇ ಎಂದು ಮೊದಲೇ ನೋಡಿ. ಕಳೆದ ಮೂರು ತಿಂಗಳಲ್ಲಿ ಆಂಟಿಬಯಾಟಿಕ್ ತಿಂದಿದ್ದರೇ, ಊಟ ಏನು, ಮಲ ಗಟ್ಟಿಯೋ ನೀರೋ — ಇವನ್ನು ಬರೆದಿಡದ ಮಾದರಿಯಿಂದ ಬರುವ ಫಲಿತಾಂಶ ಯಾವ ರೋಗಿಗೂ ಉಪಯೋಗಕ್ಕೆ ಬಾರದು. ಏನಾದರೂ ಗಂಭೀರ ಕಂಡರೆ ನೀವೇ ರೋಗಿಗೆ ಹೇಳಬೇಡಿ. ವೈದ್ಯರಿಗೆ ತಿಳಿಸಿ, ಅವರು ರೋಗನಿರ್ಣಯದ ಲ್ಯಾಬಿನಲ್ಲಿ ಮತ್ತೊಮ್ಮೆ ಪರೀಕ್ಷಿಸಿ ಹೇಳಲಿ.

ಪ್ರಶ್ನೆ: ಮಗಳಿಗೆ 9 ವರ್ಷ, ರಕ್ತ ಕಡಿಮೆ, ಬೆಳವಣಿಗೆ ಇಲ್ಲ. ಗೋಧಿ ಆಗುವುದಿಲ್ಲವೆಂದು ಯಾರೋ ಹೇಳಿದ್ದಕ್ಕೆ ಆರು ತಿಂಗಳಿಂದ ಜೋಳದ ರೊಟ್ಟಿ ಮಾತ್ರ. ಈಗ ಸೀಲಿಯಾಕ್ ರಕ್ತ ಪರೀಕ್ಷೆ ನೆಗೆಟಿವ್. ನಿಶ್ಚಿಂತೆಯಿಂದ ಇರಬಹುದೇ?
— ಓದುಗರು, ಗದಗ

ಉತ್ತರ: ಇನ್ನೂ ಇಲ್ಲ. ಸೀಲಿಯಾಕ್ ಎಂದರೆ ಗೋಧಿಯ ಅಂಶಕ್ಕೆ ದೇಹ ಪ್ರತಿಕಾಯ ತಯಾರಿಸಿ ಕರುಳು ಕೆಡುವ ರೋಗ. ಗೋಧಿ ಬಿಟ್ಟ ಮೇಲೆ ಆ ಪ್ರತಿಕಾಯ ಇಳಿಯುತ್ತದೆ, ಕರುಳೂ ಚೇತರಿಸಿಕೊಳ್ಳುತ್ತದೆ, ಪರೀಕ್ಷೆಗೆ ಏನೂ ಸಿಗುವುದಿಲ್ಲ. ಎಚ್‌ಎಲ್‌ಎ ಡಿಕ್ಯು2, ಡಿಕ್ಯು8 ಎಂಬ, ಈ ರೋಗಕ್ಕೆ ದಾರಿಯಾಗುವ ಜೀನ್‌ಗಳ ಪರೀಕ್ಷೆಗೆ ಗೋಧಿ ತಿನ್ನಬೇಕಿಲ್ಲ. ಎರಡೂ ಇಲ್ಲದಿದ್ದರೆ ಸೀಲಿಯಾಕ್ ಬಹುಮಟ್ಟಿಗೆ ಇಲ್ಲವೆಂದೇ ಲೆಕ್ಕ. ಇದ್ದರೆ, ಮಕ್ಕಳ ವೈದ್ಯರ ನಿಗಾದಲ್ಲಿ ದಿನಕ್ಕೆ ಒಂದೆರಡು ಚಪಾತಿಯಂತೆ ಆರೆಂಟು ವಾರ ತಿನ್ನಿಸಿ, ಆ ಪ್ರತಿಕಾಯದ ಪರೀಕ್ಷೆಯಾದ ಟಿಟಿಜಿ ಜೊತೆಗೆ ಒಟ್ಟು ಐಜಿಎ (ಆ ಜಾತಿಯ ಪ್ರತಿಕಾಯಗಳ ಒಟ್ಟು ಪ್ರಮಾಣ) ಕೂಡ ಮಾಡಿಸಿ. ಐಜಿಎ ಕಡಿಮೆ ಇರುವ ಮಕ್ಕಳಲ್ಲಿ ಟಿಟಿಜಿ ಸುಳ್ಳು ನೆಗೆಟಿವ್ ಬರುತ್ತದೆ.

ರೋಗ ಖಚಿತವಾದರೆ ಜೋಳ, ನವಣೆ, ಅಕ್ಕಿ, ರಾಗಿ ಧಾರಾಳವಾಗಿ ಕೊಡಬಹುದು. ಚಪಾತಿ, ರವೆ ಉಪ್ಪಿಟ್ಟು, ಶಾವಿಗೆ, ಮೈದಾ ತಿನಿಸು ಬಂದ್. ಅಂಗಡಿಯ ಹಿಂಗಿನ ಡಬ್ಬಿಯ ಮೇಲೆ ಓದಿ ನೋಡಿ, ಅನೇಕವುಗಳಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ. ಎಲ್ಲಕ್ಕಿಂತ ಹೆಚ್ಚು ಮರೆಯುವುದು ಗಿರಣಿಯನ್ನು. ನಿಮ್ಮ ಜೋಳಕ್ಕೆ ಮೊದಲು ಗೋಧಿ ಬೀಸಿದ್ದರೆ ಆ ಹಿಟ್ಟು ನಿಮ್ಮ ಡಬ್ಬಿಗೇ ಬರುತ್ತದೆ. ಜೋಳಕ್ಕೇ ಬೇರೆ ಕಲ್ಲು ಇರುವ ಗಿರಣಿ ಹುಡುಕಿ, ಇಲ್ಲವಾದರೆ ಮನೆಯಲ್ಲೇ ಚಿಕ್ಕ ಗಿರಣಿ ಇಟ್ಟುಕೊಂಡು ಅದಕ್ಕೆ ಗೋಧಿ ಹಾಕಲೇಬೇಡಿ.