ದಾವಣಗೆರೆಯಲ್ಲಿರುವ ಗೇ ಹುಡುಗ ನಾನು. ಎಚ್‌ಐವಿ ಬಾರದಂತೆ ತಡೆಯುವ ಮಾತ್ರೆ ನಿಜವಾಗಲೂ ಇದೆಯಾ?

ಇದೆ. ಹೆಸರು ಪ್ರೆಪ್. ಟೆನೊಫೊವಿರ್, ಎಮ್‌ಟ್ರಿಸಿಟಬಿನ್ ಎರಡೂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ತಪ್ಪದೆ ತಗೊಂಡರೆ ಸೆಕ್ಸ್‌ನಿಂದ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು 99% ಕಡಿಮೆ. ಕಾಂಡೋಮ್ ಗೊತ್ತಿರುವ ಎಷ್ಟೋ ಹುಡುಗರು ಇದರ ಹೆಸರೇ ಕೇಳಿಲ್ಲ, ಅದೇ ಬೇಜಾರು.

ಹಾಗಂತ ಸುಮ್ನೆ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ. ಮೊದಲು ಎಚ್‌ಐವಿ ಟೆಸ್ಟ್ ನೆಗೆಟಿವ್ ಬರಬೇಕು. ಈಗಾಗಲೇ ಸೋಂಕಿದ್ದರೆ ವೈರಸ್ ಈ ಔಷಧಿಗೆ ಬಗ್ಗದಂತಾಗಬಹುದು. ಕಿಡ್ನಿ, ಹೆಪಟೈಟಿಸ್ ಬಿ ಕೂಡ ನೋಡಿಸಿ, ಡಾಕ್ಟರ್ ಚೀಟಿ ಬರೆಸಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಮತ್ತೆ ಟೆಸ್ಟ್. ಸಿಫಿಲಿಸ್‌ನಂಥ ಲೈಂಗಿಕ ರೋಗಗಳನ್ನು ಇದು ತಡೆಯಲ್ಲ, ಕಾಂಡೋಮ್ ಬೇಕೇ ಬೇಕು.

ಜಿಲ್ಲಾಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎಚ್‌ಐವಿ ಟೆಸ್ಟ್ ಉಚಿತ. ಪರಿಚಯದವರು ಸಿಕ್ಕರೆ ಅನ್ನೋ ಭಯ ಇರುತ್ತೆ ಅಲ್ವಾ? ಮೊದಲು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಿ.